ಬೀದಿಯನ್ನು ಮರಳಿ ಪಡೆದ ನಗರ: ಆಮ್‌ಸ್ಟರ್‌ಡಾಮಿನ ಒಂದು ವೃತ್ತಾಂತ

ಡಚ್ಚರ ಹೆಸರು ನಮ್ಮ ಕಾಸರಗೋಡು ಸೀಮೆಯವರಿಗೆ ಹೊಸತಲ್ಲ. 1663ರಲ್ಲಿ ಕೊಚ್ಚಿಯನ್ನೂ ಕಣ್ಣೂರಿನ ಕೋಟೆಯನ್ನೂ ಪೋರ್ತುಗೀಸರ ಕೈಯಿಂದ ಕಸಿದುಕೊಂಡು, ಮಲೆಯಾಳ ಕರಾವಳಿಯ ಕರಿಮೆಣಸಿನ ವ್ಯಾಪಾರಕ್ಕೆ ತಾವೇ ಒಡೆಯರಾಗಲು ಹವಣಿಸಿದವರು ಇವರೆಂಬುದನ್ನು ನಮ್ಮ ಪ್ರೌಢಶಾಲೆಗಳ ಮಕ್ಕಳೂ ಬಲ್ಲರು. ಆ ವರ್ತಕರ ಮೂಲಸ್ಥಾನ ಆಮ್‌ಸ್ಟರ್‌ಡಾಮ್ ನಗರ. 1613ರಿಂದ ಮೊದಲ್ಗೊಂಡು ಅವರು ತಮ್ಮ ಊರಿನ ಸುತ್ತ ಅರ್ಧಚಂದ್ರಾಕಾರದ ಕಾಲುವೆಗಳನ್ನು ತೋಡಿ, ಅವುಗಳ ದಡದಲ್ಲಿ ಕಿರಿದಾದ ಎತ್ತರದ ಮನೆಗಳನ್ನು ಕಟ್ಟಿದರು. ಪೂರ್ವದೇಶಗಳಿಂದ ಹಡಗೇರಿ ಹೋದ ಸಂಬಾರ ಪದಾರ್ಥಗಳ ಮೂಟೆಗಳು ಆ ಕಾಲುವೆಗಳ ದಡದ ಉಗ್ರಾಣಗಳಲ್ಲಿ ರಾಶಿಗೊಂಡುವು. ಆ ಕಾಲುವೆಗಳೂ ಮನೆಗಳೂ ಇಂದಿಗೂ ನಿಂತಿವೆ. 2010ರಲ್ಲಿ ಯುನೆಸ್ಕೊ ಸಂಸ್ಥೆಯು ಅವನ್ನು ಜಗತ್ತಿನ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ನಾವಿಂದು ಹೇಳಹೊರಟಿರುವುದು ಆ ವ್ಯಾಪಾರದ ಕಥೆಯನ್ನಲ್ಲ. ಅದೇ ನಗರದ ಜನರು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ತಮ್ಮ ಬೀದಿಗಳು ಯಾರ ಸ್ವತ್ತು ಎಂಬ ಪ್ರಶ್ನೆಯನ್ನೆತ್ತಿ, ಇಪ್ಪತ್ತು ಮೂವತ್ತು ವರ್ಷಗಳ ಕಾಲ ಹೋರಾಡಿ, ಕಾರಿನ ಕೈಗೆ ಹೋಗಿದ್ದ ಊರನ್ನು ನಡೆಯುವವರಿಗೂ ಬೈಸಿಕಲ್ಲಿನವರಿಗೂ ಟ್ರಾಮಿನವರಿಗೂ ಮರಳಿ ದೊರಕಿಸಿಕೊಟ್ಟ ಕಥೆಯನ್ನು. ಇದರಲ್ಲಿ ಅರಸರಿಲ್ಲ, ಸೇನಾಪತಿಗಳಿಲ್ಲ. ಇರುವವರು ತಾಯಂದಿರು, ಉಪಾಧ್ಯಾಯರು, ಶಾಲೆಯ ಮಕ್ಕಳು, ಕೆಲವು ತುಂಟ ತರುಣರು. ಆ ಕಾರಣದಿಂದಲೇ ನಮ್ಮ ವಾಚಕರಾದ ಕನ್ನಡ ಶಾಲೆಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇದು ರುಚಿಸೀತೆಂದು ನಂಬಿದ್ದೇವೆ.

ಇನ್ನೊಂದು ಕಾರಣವೂ ಉಂಟು. ತಲಪಾಡಿಯಿಂದ ದಕ್ಷಿಣಕ್ಕೆ ಮಂಜೇಶ್ವರ, ಉಪ್ಪಳ, ಕುಂಬಳೆಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66 ಈಗ ಆರು ಪಥಗಳಾಗಿ ಅಗಲಗೊಂಡಿದೆ. ಒಂದು ಬದಿಯಲ್ಲಿ ಮನೆ, ಇನ್ನೊಂದು ಬದಿಯಲ್ಲಿ ಶಾಲೆ ಎಂಬಂತಿರುವ ಮಕ್ಕಳು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರು ದಿನಕ್ಕೆರಡು ಬಾರಿ ದಾರಿ ದಾಟುವುದನ್ನು ಕಂಡಾಗಲೆಲ್ಲ ನಮಗೆ ಈ ದೂರದ ಊರಿನ ನೆನಪಾಗುವುದುಂಟು.

* * *

ಹಾಲೆಂಡಿನ ಮಾತೆತ್ತಿದರೆ, “ಅವರದು ಚಪ್ಪಟೆ ನೆಲ, ಅಲ್ಲಿಯವರು ಹುಟ್ಟಿನಿಂದಲೇ ಬೈಸಿಕಲ್ ಏರುವವರು, ಅದು ಅವರ ಜಾಯಮಾನ” ಎಂದು ಹೇಳಿ ಮುಗಿಸುವವರು ಬಹಳ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಚರಿತ್ರೆಯು ಒಪ್ಪುವುದಿಲ್ಲ.

ಬೈಸಿಕಲ್ಲು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹಾಲೆಂಡಿಗೆ ಬಂದಾಗ ಅದು ಸಿರಿವಂತರ ವಿನೋದದ ವಸ್ತುವಾಗಿತ್ತು. 1883ರಲ್ಲಿ ಅಲ್ಲಿನ ಸವಾರರು ಒಂದು ಸಂಘವನ್ನು ಕಟ್ಟಿಕೊಂಡರು. ಅದರ ಹ್ರಸ್ವನಾಮ ಎ.ಎನ್.ಡಬ್ಲ್ಯು.ಬಿ. ಮುಂದಿನ ನಾಲ್ಕು ದಶಕಗಳಲ್ಲಿ ಬೈಸಿಕಲ್ಲು ಅಗ್ಗವಾಗಿ, ಕಾರ್ಖಾನೆಯ ಕೆಲಸಗಾರನ, ಗುಮಾಸ್ತೆಯ, ದಾದಿಯ, ಶಾಲಾ ಬಾಲಕನ ನಿತ್ಯದ ವಾಹನವಾಯಿತು. 1924ರಲ್ಲಿ ಸರಕಾರವು ಪ್ರತಿಯೊಂದು ಬೈಸಿಕಲ್ಲಿನ ಮೇಲೂ ತೆರಿಗೆ ಹಾಕಿತು. ತೆರಿಗೆ ಕೊಟ್ಟವರಿಗೆ ಒಂದು ಲೋಹದ ಬಿಲ್ಲೆ. ಮುಂದೆ ಜಗತ್ತಿನಾದ್ಯಂತ ಉದ್ಯೋಗವಿಲ್ಲದ ಕಾಲ ಬಂದಾಗ ನಿರುದ್ಯೋಗಿಗಳಿಗೆ ಈ ಬಿಲ್ಲೆಯನ್ನು ಪುಕ್ಕಟೆಯಾಗಿ ಕೊಟ್ಟರು. ಆದರೆ ಅದರ ನಡುವೆ ಒಂದು ತೂತು ಕೊರೆದಿರುತ್ತಿತ್ತು. ಅದನ್ನು ಕಂಡವರಿಗೆಲ್ಲ ಇವನು ಕೆಲಸವಿಲ್ಲದವನೆಂದು ತಿಳಿಯುತ್ತಿತ್ತು. ಬಡವನ ವಾಹನವಾದುದರಿಂದಲೇ ಬೈಸಿಕಲ್ಲು ಹೇಗೆ ಸರಕಾರದ ಲೆಕ್ಕದಲ್ಲಿ ಕೀಳಾಯಿತೆಂಬುದಕ್ಕೆ ಈ ತೂತಿನ ಬಿಲ್ಲೆಯೇ ಸಾಕ್ಷಿ. ಈ ತೆರಿಗೆ 1941ರಲ್ಲಿ ರದ್ದಾಯಿತು.

ನಗರದಲ್ಲಿ ಟ್ರಾಮೂ ಇದ್ದಿತು. 1875ರಲ್ಲಿ ಕುದುರೆಗಳೆಳೆಯುವ ಟ್ರಾಮು, 1900ರಲ್ಲಿ ವಿದ್ಯುತ್ತಿನ ಟ್ರಾಮು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ದೇಶವನ್ನು ಆಕ್ರಮಿಸಿದಾಗ ಸಾವಿರಗಟ್ಟಲೆ ಬೈಸಿಕಲ್ಲುಗಳನ್ನು ಜನರಿಂದ ಕಸಿದುಕೊಂಡರು. 1944ರ ಚಳಿಗಾಲದಲ್ಲಿ ಅನ್ನವಿಲ್ಲದ ನಗರವಾಸಿಗಳು, ರಬ್ಬರು ಸಿಕ್ಕದೆ ಮರದ ತುಂಡುಗಳನ್ನೋ ನೀರಿನ ಕೊಳವೆಯನ್ನೋ ಚಕ್ರಕ್ಕೆ ಸುತ್ತಿಕೊಂಡು, ಮೈಲಿಗಟ್ಟಲೆ ದೂರದ ಹಳ್ಳಿಗಳಿಗೆ ಬೈಸಿಕಲ್ಲಿನಲ್ಲೇ ಹೋಗಿ ಆಲೂಗಡ್ಡೆ ತಂದರು. ಇಷ್ಟೆಲ್ಲ ಋಣವಿದ್ದ ವಾಹನವನ್ನು ಅದೇ ಜನರು ಯುದ್ಧ ಮುಗಿದ ಹದಿನೈದು ವರ್ಷಗಳಲ್ಲಿ ಮರೆಯತೊಡಗಿದರು.

ಇದಕ್ಕೆ ಕಾರಣವು ಅಭ್ಯುದಯ. 1959ರಲ್ಲಿ ದೇಶದ ಉತ್ತರದ ಗ್ರೋನಿಂಗನ್ ಪ್ರಾಂತದಲ್ಲಿ ನೆಲದಡಿಯ ಅನಿಲದ ಮಹಾನಿಧಿ ದೊರಕಿತು. ಸಂಬಳಗಳು ಏರಿದುವು, ಸಾಮಾನ್ಯ ಕುಟುಂಬಗಳೂ ಕಾರು ಕೊಂಡುವು. 1960ರಲ್ಲಿ ಸುಮಾರು 5 ಲಕ್ಷ ಕಾರುಗಳಿದ್ದ ದೇಶದಲ್ಲಿ 1970ರ ವೇಳೆಗೆ ಅವುಗಳ ಸಂಖ್ಯೆ 20 ಲಕ್ಷವನ್ನು ಮೀರಿತು. 1950ರ ದಶಕದ ನಡುವೆ ಆಮ್‌ಸ್ಟರ್‌ಡಾಮಿನ ವಾಹನ ಸಂಚಾರದಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಪಾಲು ಬೈಸಿಕಲ್ಲಿನದಾಗಿದ್ದರೆ, ಇಪ್ಪತ್ತು ವರ್ಷಗಳ ಬಳಿಕ ಅದು ಕಾಲು ಭಾಗದ ಆಸುಪಾಸಿಗೆ ಇಳಿದಿತ್ತು. ನೆಲ ಮೊದಲಿನಷ್ಟೇ ಚಪ್ಪಟೆಯಾಗಿತ್ತು. ಜನರ ಜಾಯಮಾನವೂ ಬದಲಾಗಿರಲಿಲ್ಲ. ಬದಲಾದುದು ರಸ್ತೆ. ಬೈಸಿಕಲ್ಲಿಗೆ ಎಡೆಯಿಲ್ಲದಂತೆ ರಸ್ತೆಯನ್ನು ಕಟ್ಟಿದರೆ ಎಂತಹ ಚಪ್ಪಟೆ ನೆಲದಲ್ಲಿಯೂ ಜನರು ಅದನ್ನು ಬಿಡುವರೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಾಗಿಲ್ಲ. ಇನ್ನು ಆ ಹಳೆಯ ಸವಾರರ ಸಂಘವೋ, ಹೆಸರನ್ನು ಹಾಗೆಯೇ ಉಳಿಸಿಕೊಂಡು, ಕಾಲಕ್ರಮದಲ್ಲಿ ಕಾರಿನವರ ಸಂಘವಾಗಿ ಹೋಗಿತ್ತು!

* * *

ಹದಿನೇಳನೆಯ ಶತಮಾನದ ಊರಿನಲ್ಲಿ ಇಪ್ಪತ್ತನೆಯ ಶತಮಾನದ ಕಾರುಗಳು ನಿಲ್ಲುವುದೆಲ್ಲಿ? ಕಾಲುವೆಯ ದಡಗಳಲ್ಲಿ ನಿಂತುವು, ಚೌಕಗಳಲ್ಲಿ ನಿಂತುವು, ಮಕ್ಕಳು ಆಡುತ್ತಿದ್ದ ಓಣಿಗಳಲ್ಲಿ ನಿಂತುವು. ಅಷ್ಟೂ ಸಾಲದೆ, 1954ರಲ್ಲಿ ಆಮ್‌ಸ್ಟರ್‌ಡಾಮಿನ ಪೊಲೀಸು ಮುಖ್ಯಾಧಿಕಾರಿಯಾಗಿದ್ದ ಕಾಸ್‌ಯಾಗರ್ ಎಂಬವರು ಒಂದು ಸಲಹೆಯನ್ನು ಮುಂದಿಟ್ಟರು: ಕಾಲುವೆಗಳನ್ನು ಮಣ್ಣು ತುಂಬಿ ಮುಚ್ಚಿ ರಸ್ತೆ ಮಾಡಬೇಕು. ಜನರು ಕೆರಳಿದರು, ಆ ಸಲಹೆ ಬಿದ್ದುಹೋಯಿತು. ಆದರೆ ಅದರ ಹಿಂದಿನ ಭಾವನೆ ಬಿದ್ದುಹೋಗಲಿಲ್ಲ. 1960ರ ದಶಕದಲ್ಲಿ ವೇಸ್ಪರ್‌ಸ್ಟ್ರಾಟ್ ಎಂಬ ಹಳೆಯ ಬೀದಿಯನ್ನು ಒಡೆದು ವಿಶಾಲವಾದ ಮೋಟಾರು ಮಾರ್ಗವನ್ನಾಗಿ ಮಾಡಿದರು. ಅದು ಯುದ್ಧಕ್ಕೆ ಮುಂಚೆ ಯೆಹೂದ್ಯರು ಬಾಳಿದ ಕೇರಿ; ನಾಜಿಗಳು ಅವರನ್ನು ಹಿಡಿದೊಯ್ದ ಬಳಿಕ ಪಾಳುಬಿದ್ದ ಮನೆಗಳಿದ್ದ ಜಾಗ. 1967ರಲ್ಲಿ ಡೇವಿಡ್ ಯೋಕಿನೆನ್ ಎಂಬ ಅಮೆರಿಕದ ಸಂಚಾರತಜ್ಞರು, ರಸ್ತೆ ನಿರ್ಮಾಣದ ಪಕ್ಷದವರ ಪ್ರೇರಣೆಯಿಂದ, ಇನ್ನೂ ದೊಡ್ಡ ಯೋಜನೆಯನ್ನು ಬರೆದರು. ಅದರಂತೆ ನಡೆದಿದ್ದರೆ ಆರು ಪಥಗಳ ಹೆದ್ದಾರಿಯೊಂದು ನಗರದ ಎದೆಯವರೆಗೆ ಬಂದು, ಡೆ ಪೈಪ್ ಎಂಬ ಕಾರ್ಮಿಕರ ಕೇರಿಯ ಬಹುಭಾಗ ನೆಲಸಮವಾಗುತ್ತಿತ್ತು.

ಇದು ಆಗಿನ ಕಾಲದ ಲೋಕರೂಢಿಯೇ ಸರಿ. ಪ್ಯಾರಿಸು ತನ್ನ ಹಳೆಯ ಟ್ರಾಮುಗಳನ್ನು 1930ರ ದಶಕದಲ್ಲಿಯೂ, ಲಂಡನ್ನು 1952ರಲ್ಲಿಯೂ ಕಿತ್ತುಹಾಕಿದುವು. ಮುಂಬಯಿಯ ಟ್ರಾಮು 1964ರಲ್ಲಿ ನಿಂತಿತು. ಮದರಾಸಿನ ಮಾತನ್ನು ನಾವು ವಿಶೇಷವಾಗಿ ನೆನೆಯಬೇಕು. ನಮ್ಮ ಕಾಸರಗೋಡು ತಾಲೂಕು 1956ರ ನವೆಂಬರ್ 1ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯೊಡನೆ ಮದರಾಸಿಗೆ ಸೇರಿದ್ದುದಷ್ಟೆ. ಕಾಲೇಜಿಗೋ ಕಚೇರಿಯ ಕೆಲಸಕ್ಕೋ ರಾಜಧಾನಿಗೆ ಹೋದ ಇಲ್ಲಿನ ಹಿರಿಯರು ಕಂಡ ಅದ್ಭುತಗಳಲ್ಲಿ ಟ್ರಾಮೂ ಒಂದು. ಭಾರತದ ಪ್ರಪ್ರಥಮ ವಿದ್ಯುತ್ ಟ್ರಾಮು ಓಡಿದುದು ಮದರಾಸಿನಲ್ಲಿ, 1895ರಲ್ಲಿ. ನಷ್ಟದ ಕಾರಣದಿಂದ ಅದು 1953ರಲ್ಲಿ ನಿಂತುಹೋಯಿತು. ಆಮ್‌ಸ್ಟರ್‌ಡಾಮ್ ಈ ಒಂದು ವಿಷಯದಲ್ಲಿ ಮಾತ್ರ ಲೋಕರೂಢಿಗೆ ತಲೆಬಾಗಲಿಲ್ಲ. ಕೆಲವು ಮಾರ್ಗಗಳನ್ನು ಕಳೆದುಕೊಂಡರೂ ಟ್ರಾಮನ್ನು ಬಿಡದೆ, 1957ರಿಂದ ಉದ್ದವಾದ ಹೊಸ ಜೋಡುಗಾಡಿಗಳನ್ನು ತರಿಸಿಕೊಂಡಿತು. ಮುಂದೆ ಕಾರಿನ ಮೋಹ ಇಳಿದಾಗ ಈ ಹಳಿಗಳು ಅದರ ಕೈಹಿಡಿದುವು.

* * *

ಮೊದಲ ಎದುರುನುಡಿ ಕೇಳಿಬಂದುದು 1965ರಲ್ಲಿ, ಪ್ರೋವೋ ಎಂದು ಕರೆದುಕೊಂಡ ತರುಣರ ಗುಂಪಿನಿಂದ. ಅವರಲ್ಲಿ ಲುಡ್ ಶಿಮ್ಮೆಲ್‌ಪೆನ್ನಿಂಕ್ ಎಂಬವರ ಯೋಚನೆ ಹೀಗಿತ್ತು: ನಗರದ ನಡುಭಾಗಕ್ಕೆ ಕಾರು ಬರಬಾರದು, ನಗರಸಭೆಯು ಬಿಳಿ ಬಣ್ಣ ಬಳಿದ ಬೈಸಿಕಲ್ಲುಗಳನ್ನು ಬೀಗವಿಲ್ಲದೆ ಬೀದಿಯಲ್ಲಿಡಬೇಕು, ಬೇಕಾದವರು ಹತ್ತಿಹೋಗಿ, ತಲಪಿದಲ್ಲಿ ಬಿಟ್ಟುಬಿಡಬೇಕು. ಮಾತಿನಲ್ಲಿ ನಿಲ್ಲದೆ ಅವರು ಕೆಲವು ಬೈಸಿಕಲ್ಲುಗಳಿಗೆ ಬಿಳಿ ಬಣ್ಣ ಬಳಿದು ಬೀದಿಯಲ್ಲಿಟ್ಟೂಬಿಟ್ಟರು. ಪೊಲೀಸರು ಬಂದು, ಬೀಗ ಹಾಕದ ಬೈಸಿಕಲ್ಲನ್ನು ಬೀದಿಯಲ್ಲಿಡುವುದು ಕಾನೂನಿಗೆ ವಿರುದ್ಧವೆಂದು ಹೇಳಿ ಹೊತ್ತುಕೊಂಡು ಹೋದರು! ಊರು ನಕ್ಕಿತು. ಆದರೆ 1966ರ ನಗರಸಭೆಯ ಚುನಾವಣೆಯಲ್ಲಿ ಆ ಗುಂಪಿಗೆ ಒಂದು ಸ್ಥಾನ ಸಿಕ್ಕಿತು. ಜಗತ್ತಿನ ನೂರಾರು ನಗರಗಳಲ್ಲಿ ಇಂದು ಬೀದಿಬದಿಯಲ್ಲಿ ಬಾಡಿಗೆಗೆ ದೊರೆಯುವ ಬೈಸಿಕಲ್ಲುಗಳಿಗೆ ಆ ಬಿಳಿಯ ಬೈಸಿಕಲ್ಲೇ ಮೂಲಪುರುಷನೆಂದು ಹೇಳಬಹುದು.

ನಗೆಯಿಂದ ಆರಂಭವಾದುದು ಶೋಕದಿಂದ ಬಲಗೊಂಡಿತು. 1971ನೆಯ ವರ್ಷವೊಂದರಲ್ಲಿಯೇ ಹಾಲೆಂಡಿನ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು. ದೇಶದ ಜನಸಂಖ್ಯೆ ಆಗ 1 ಕೋಟಿ 30 ಲಕ್ಷದಷ್ಟು. ಸತ್ತವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ನಲವತ್ತು ಮಕ್ಕಳ ತರಗತಿಯನ್ನು ಕಲಿಸುವ ಉಪಾಧ್ಯಾಯರು ಈ ಸಂಖ್ಯೆಯನ್ನು ಒಮ್ಮೆ ಮನಸ್ಸಿನಲ್ಲಿ ಎಣಿಸಿ ನೋಡಬೇಕು: ಹತ್ತು ತರಗತಿಗಳು, ಒಂದೇ ವರ್ಷದಲ್ಲಿ, ಬರಿದಾದಂತೆ. ಯುದ್ಧದಲ್ಲಿ ಇಷ್ಟು ಮಕ್ಕಳು ಸತ್ತರೆ ದೇಶವೇ ಎದ್ದು ನಿಲ್ಲುತ್ತಿತ್ತು. ರಸ್ತೆಯಲ್ಲಿ ಸತ್ತುದರಿಂದ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗುತ್ತಿದ್ದರು. ಪ್ರಗತಿಗೆ ತೆರಬೇಕಾದ ಬೆಲೆಯಿದು ಎಂದು ತಿಳಿದವರೆನಿಸಿಕೊಂಡವರು ಸಮಾಧಾನ ಹೇಳುತ್ತಿದ್ದರು.

ಆ ಸಮಾಧಾನವನ್ನು ಒಪ್ಪದವರಲ್ಲಿ ವಿಕ್ ಲಾಂಗೆನ್‌ಹೋಫ್ ಎಂಬ ಪತ್ರಕರ್ತರು ಒಬ್ಬರು. ಅವರ ಎಳೆಯ ಮಗಳು 1971ರಲ್ಲಿ ಶಾಲೆಗೆ ಹೋಗುವ ದಾರಿಯಲ್ಲಿ ಕಾರಿಗೆ ಸಿಕ್ಕಿ ತೀರಿಕೊಂಡಿದ್ದಳು. 1972ರಲ್ಲಿ ಅವರು ‘ಡೆ ಟೈಡ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅದರ ತಲೆಬರಹದ ಅರ್ಥ “ಮಕ್ಕಳ ಕೊಲೆಯನ್ನು ನಿಲ್ಲಿಸಿರಿ”. ಅಪಘಾತವೆಂಬ ಮಾತನ್ನು ಬಿಟ್ಟು ಕೊಲೆಯೆಂಬ ಮಾತನ್ನು ಬಳಸಿದುದು ಕೆಲವರಿಗೆ ಅತಿಯೆನಿಸಿತು. ಆದರೆ ತಾಯಿತಂದೆಗಳು ಅದನ್ನು ತಮ್ಮ ಘೋಷವಾಗಿ ಮಾಡಿಕೊಂಡರು. ಅದೇ ಹೆಸರಿನ ಸಂಘವೊಂದು ಹುಟ್ಟಿತು. ಮಾರ್ಟ್‌ಯೆ ವಾನ್ ಪುಟೆನ್ ಎಂಬ ತರುಣ ತಾಯಿ ಅದರ ಮೊದಲ ಅಧ್ಯಕ್ಷೆ. ಈಕೆ ಮುಂದೆ ಯುರೋಪಿನ ಪಾರ್ಲಿಮೆಂಟಿನ ಸದಸ್ಯೆಯೂ ಆದರು. ಇವರ ಹೋರಾಟದ ರೀತಿ ಸರಳ: ಅಪಘಾತ ನಡೆದ ಕಡೆ ರಸ್ತೆಯನ್ನು ತಡೆದು ಕೂರುವುದು, ಬೀದಿಯನ್ನು ಒಂದು ದಿನ ಮುಚ್ಚಿ ಮಕ್ಕಳನ್ನು ಆಡಲು ಬಿಡುವುದು, ಅಧಿಕಾರಿಗಳ ಮನೆಬಾಗಿಲಿಗೆ ಹೋಗಿ ಮಾತನಾಡುವುದು. ನಮ್ಮವರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಸತ್ಯಾಗ್ರಹದ ನಾಡಿನವರು ನಾವು.

ನಮ್ಮ ವಿದ್ಯಾರ್ಥಿಗಳು ಕೇಳಲೇಬೇಕಾದ ಸಂಗತಿಯೊಂದು ಇದೇ ವರ್ಷದ್ದು. ಯೋಕಿನೆನ್ನರ ಯೋಜನೆಯಿಂದ ಪಾರಾಗಿ ಉಳಿದಿದ್ದ ಡೆ ಪೈಪ್ ಕೇರಿಯಲ್ಲಿ ಓಣಿಗಳು ಇಕ್ಕಟ್ಟು, ಮನೆಗಳು ಒತ್ತೊತ್ತು. ಮಕ್ಕಳಿಗೆ ಆಡಲು ಇದ್ದುದು ಬೀದಿಯೊಂದೇ. ಅದರಲ್ಲಿ ಕಾರುಗಳು ತುಂಬಿದ್ದುವು. 1972ರಲ್ಲಿ ಆ ಕೇರಿಯ ಶಾಲೆಯ ಮಕ್ಕಳು ತಮ್ಮ ಬೀದಿಗಳನ್ನು ಕುರಿತು ತಾವೇ ಚರ್ಚಿಸಿ, ಸಹಿ ಸಂಗ್ರಹಿಸಿ, ಕೊನೆಗೊಂದು ದಿನ ಬೀದಿಗೆ ಅಡ್ಡಗಟ್ಟಿ ಆಟವಾಡಿದರು. ಸಿಟ್ಟಿಗೆದ್ದ ಕೆಲವು ದೊಡ್ಡವರು ಕಾರಿನಿಂದಿಳಿದು ಅಡ್ಡಗಟ್ಟನ್ನು ಕಿತ್ತೆಸೆಯಹೋದರು. ಮಕ್ಕಳೂ ಅವರ ಪರವಾದ ನೆರೆಹೊರೆಯವರೂ ಬಿಡಲಿಲ್ಲ. ಈ ಎಲ್ಲವನ್ನೂ ಡಚ್ ಟೆಲಿವಿಷನ್ನಿನವರು ಚಿತ್ರವಾಗಿ ಸೆರೆಹಿಡಿದು ಅದೇ ವರ್ಷ ದೇಶಕ್ಕೆಲ್ಲ ತೋರಿಸಿದರು. ತಮಗೆ ಏನು ಬೇಕೆಂಬುದನ್ನು ಮಕ್ಕಳು ದೊಡ್ಡವರಿಗಿಂತ ನೇರವಾಗಿ ಹೇಳಬಲ್ಲರು.

* * *

ಹೀಗೆ ಹದಗೊಂಡಿದ್ದ ಹೊಲಕ್ಕೆ 1973ರ ಅಕ್ಟೋಬರಿನ ಯುದ್ಧವು ಮಳೆಯಾಗಿ ಬಂದಿತು. ಇಸ್ರೇಲಿನ ಪರ ನಿಂತ ದೇಶಗಳಲ್ಲಿ ಹಾಲೆಂಡೂ ಒಂದೆಂದು ಬಗೆದು ಅರಬ್ ದೇಶಗಳು ಅದಕ್ಕೆ ಎಣ್ಣೆ ಕಳುಹಿಸುವುದನ್ನು ನಿಲ್ಲಿಸಿದುವು. ಸರಕಾರವು ಭಾನುವಾರಗಳಂದು ಕಾರು ಓಡಿಸುವುದನ್ನು ನಿಷೇಧಿಸಿತು. 1973ರ ನವೆಂಬರ್ 4 ಮೊದಲನೆಯ ಭಾನುವಾರ. 1974ರ ಜನವರಿಯ ಆರಂಭದ ವರೆಗೆ ಇದು ನಡೆಯಿತು. ಹೆದ್ದಾರಿಗಳ ಮೇಲೆ ಮಕ್ಕಳು ಚಕ್ರದ ಪಾದರಕ್ಷೆ ಕಟ್ಟಿಕೊಂಡು ಜಾರಿದರು, ಕುದುರೆಗಳು ನಡೆದುವು, ಕುಟುಂಬಗಳು ಊಟದ ಬುತ್ತಿ ಕಟ್ಟಿಕೊಂಡು ಬೈಸಿಕಲ್ಲಿನಲ್ಲಿ ಹೊರಟುವು. ಕಷ್ಟಕ್ಕೆಂದು ಮಾಡಿದ ನಿಷೇಧವು ಜಾತ್ರೆಯಾಯಿತು. ಎಣ್ಣೆ ಮರಳಿ ಬಂದ ಮೇಲೆ ಆ ಜಾತ್ರೆ ಮುಗಿಯಿತಾದರೂ, ಕಾರಿಲ್ಲದ ಬೀದಿಯ ಸದ್ದು ಹೇಗಿರುತ್ತದೆಂಬುದನ್ನು ಒಂದು ಪೀಳಿಗೆ ಕೇಳಿಯಾಗಿತ್ತು. ಪ್ರಧಾನಿ ಡೆನ್ ಔಲ್ ಅವರೂ ಟೆಲಿವಿಷನ್ನಿನಲ್ಲಿ ಜನರನ್ನುದ್ದೇಶಿಸಿ, ಹಿಂದಿನ ದಿನಗಳು ಹಾಗೆಯೇ ಮರಳಿ ಬರಲಾರವೆಂದು ಹೇಳಿದರು.

1975ರಲ್ಲಿ ಎರಡು ಘಟನೆಗಳು ನಡೆದುವು. ಭೂಗರ್ಭ ರೈಲಿಗಾಗಿ ನ್ಯೂಮಾರ್ಕ್ಟ್ ಎಂಬ ಹಳೆಯ ಕೇರಿಯ ಮನೆಗಳನ್ನು ಕೆಡವಹೋದಾಗ ಮಾರ್ಚಿಯಲ್ಲಿ ಜನರಿಗೂ ಪೊಲೀಸರಿಗೂ ದೊಡ್ಡ ಘರ್ಷಣೆಯಾಯಿತು. ಮನೆಗಳು ಬಿದ್ದುವು, ರೈಲು ಮಾರ್ಗವು 1977ರಲ್ಲಿ ತೆರೆಯಿತು. ಆದರೆ ಅದರ ಮೇಲೆ ಕಟ್ಟಬೇಕೆಂದಿದ್ದ ಅಗಲವಾದ ಮೋಟಾರು ರಸ್ತೆಯ ಯೋಜನೆಯನ್ನು ಕೈಬಿಟ್ಟು, ಹಳೆಯ ಬೀದಿಗಳ ಅಳತೆಯಲ್ಲಿಯೇ ಹೊಸ ಮನೆಗಳನ್ನು ಕಟ್ಟಿದರು. ಸಾರ್ವಜನಿಕರ ರೈಲಿಗಾಗಿ ಬಡವರ ಮನೆಗಳನ್ನು ಕೆಡವಬಹುದೇ ಎಂಬ ಪ್ರಶ್ನೆ ಇಲ್ಲಿ ಎದ್ದಿತೆಂಬುದನ್ನು ನಾವು ಮರೆಯಬಾರದು. ಹೋರಾಟವು ಎಲ್ಲ ಸಮಯದಲ್ಲಿಯೂ ಕಾರಿಗೂ ಜನಕ್ಕೂ ನಡುವಿನದಾಗಿರಲಿಲ್ಲ.

ಎರಡನೆಯದು ಸವಾರರ ಹೊಸ ಸಂಘದ ಸ್ಥಾಪನೆ. ಹಳೆಯ ಸಂಘವು ಕಾರಿನವರದಾಗಿತ್ತಲ್ಲವೆ? ಅದನ್ನು ಅಣಕಿಸುವಂತೆ ಹೊಸಬರು ತಮ್ಮದನ್ನು “ಮೊಟ್ಟಮೊದಲ, ಏಕಮಾತ್ರ, ನಿಜವಾದ ಸವಾರರ ಸಂಘ” ಎಂಬರ್ಥದ ಹೆಸರಿನಿಂದ ಕರೆದುಕೊಂಡರು. ಹಳೆಯ ಸಂಘದ ಆಕ್ಷೇಪದಿಂದ ಹೆಸರನ್ನು ಬದಲಿಸಬೇಕಾಯಿತಾದರೂ ಕೆಲಸ ಬದಲಾಗಲಿಲ್ಲ. ಅದರ ಸದಸ್ಯರು ಊರೂರಿನ ರಸ್ತೆಗಳನ್ನು ಅಳೆದು, ಎಲ್ಲಿ ಅಪಾಯ, ಎಲ್ಲಿ ದಾರಿ ತುಂಡಾಗಿದೆ ಎಂದು ನಕ್ಷೆ ಬರೆದು, ಅಧಿಕಾರಿಗಳ ಮುಂದಿಟ್ಟರು. ಸಾವಿರಾರು ಜನರು ಬೈಸಿಕಲ್ಲಿನಲ್ಲಿ ಮೆರವಣಿಗೆ ಬಂದು ಮ್ಯೂಸಿಯಮ್ ಚೌಕದಲ್ಲಿ ಸತ್ತವರಂತೆ ನೆಲದ ಮೇಲೆ ಮಲಗಿದರು. ಕೂಗಿಗಿಂತ ಆ ಮೌನವೂ, ಮೌನಕ್ಕಿಂತ ಆ ನಕ್ಷೆಗಳೂ ಹೆಚ್ಚು ಕೆಲಸ ಮಾಡಿದುವೆಂದು ನಮ್ಮ ಅಭಿಪ್ರಾಯ.

1978ರ ಚುನಾವಣೆಯ ಬಳಿಕ ಆಮ್‌ಸ್ಟರ್‌ಡಾಮಿನ ನಗರಸಭೆಯು ನೀತಿಯನ್ನು ಬದಲಿಸಿತು. ಸಂಚಾರದ ಹೊಣೆ ಹೊತ್ತ ಮೈಕೇಲ್ ವಾನ್ ಡರ್ ವ್ಲಿಸ್ ಅವರು ಕಾರಿಗಿಂತ ಮೊದಲು ಟ್ರಾಮು, ಬೈಸಿಕಲ್ಲು, ಕಾಲ್ನಡಿಗೆಗಳಿಗೆ ಸ್ಥಳ ಕೊಡುವ ಕಾರ್ಯವನ್ನು ಕೈಗೊಂಡರು. ಇತರ ಊರುಗಳು ಆ ವೇಳೆಗೆ ಮುಂದೆ ಹೋಗಿದ್ದುವು. ಡೆಲ್ಫ್ಟ್ ನಗರದಲ್ಲಿ ಮನೆಗಳಿರುವ ಓಣಿಗಳನ್ನು ಗಿಡ, ಬೆಂಚು, ತಿರುವುಗಳಿಂದ ಅಂಗಳದಂತೆ ಮಾಡಿ, ಕಾರು ಬಂದರೂ ನಡಿಗೆಯ ವೇಗದಲ್ಲಿ ಬರುವಂತೆ ಮಾಡಿದ್ದರು. 1976ರಲ್ಲಿ ಅದಕ್ಕೆ ಕಾನೂನಿನ ಮನ್ನಣೆಯೂ ದೊರೆಯಿತು. ಗ್ರೋನಿಂಗನ್ ನಗರವು 1977ರ ಸೆಪ್ಟೆಂಬರಿನಲ್ಲಿ ತನ್ನ ನಡುಭಾಗವನ್ನು ನಾಲ್ಕು ಹೋಳುಗಳನ್ನಾಗಿ ವಿಂಗಡಿಸಿತು. ನಡೆಯುವವರೂ ಬೈಸಿಕಲ್ಲಿನವರೂ ಒಂದು ಹೋಳಿನಿಂದ ಇನ್ನೊಂದಕ್ಕೆ ನೇರವಾಗಿ ಹೋಗಬಹುದು. ಕಾರಿನವರು ಹೊರಗಿನ ವರ್ತುಲವನ್ನು ಬಳಸಿ ಬರಬೇಕು. ಅಂಗಡಿಕಾರರು ವ್ಯಾಪಾರ ಮುಳುಗಿತೆಂದು ಗದ್ದಲವೆಬ್ಬಿಸಿದರು. ಊರು ಮುಳುಗಲಿಲ್ಲ; ಬೈಸಿಕಲ್ಲಿನ ಊರೆಂದೇ ಇಂದು ಅದು ಹೆಸರಾಗಿದೆ.

* * *

ಮುಂದಿನ ಕಥೆಯಲ್ಲಿ ರೋಮಾಂಚನ ಕಡಿಮೆ, ಪರಿಶ್ರಮ ಹೆಚ್ಚು. ಒಂದೊಂದೇ ಬೀದಿ, ಒಂದೊಂದೇ ಕವಲು. ದೊಡ್ಡ ರಸ್ತೆಗಳಲ್ಲಿ ಕಾರಿನ ಪಥದಿಂದ ಕಲ್ಲುಗಟ್ಟಿ ಬೇರ್ಪಡಿಸಿದ ಬೈಸಿಕಲ್ ದಾರಿ. ಚಿಕ್ಕ ಓಣಿಗಳಲ್ಲಿ ವೇಗಕ್ಕೆ ಕಡಿವಾಣ. ನಗರದ ನಡುವೆ ಕಾರು ನಿಲ್ಲಿಸಲು ಭಾರಿ ಶುಲ್ಕ. ರೈಲು ನಿಲ್ದಾಣದಲ್ಲಿ ಬೈಸಿಕಲ್ಲಿಡಲು ಜಾಗ. ಬೈಸಿಕಲ್ಲು ರೈಲಿಗೆ ಪ್ರತಿಸ್ಪರ್ಧಿಯಾಗದೆ ಅದರ ಜೊತೆಗಾರನಾಯಿತು. ಮನೆಯಿಂದ ನಿಲ್ದಾಣಕ್ಕೆ ಬೈಸಿಕಲ್ಲಿನಲ್ಲಿ ಬಂದು ರೈಲು ಹತ್ತುವವರು ಅಲ್ಲಿ ಬಹಳ ಮಂದಿ. 2023ರ ಜನವರಿಯಲ್ಲಿ ಆಮ್‌ಸ್ಟರ್‌ಡಾಮಿನ ಮುಖ್ಯ ನಿಲ್ದಾಣದ ಎದುರು, ನೀರಿನ ಅಡಿಯಲ್ಲಿ, 7,000 ಬೈಸಿಕಲ್ಲುಗಳನ್ನಿಡುವ ಶಾಲೆಯೊಂದನ್ನು ತೆರೆದರು. ಅದೇ ವರ್ಷದ ಡಿಸೆಂಬರಿನಿಂದ ನಗರದ ಬಹುತೇಕ ರಸ್ತೆಗಳಲ್ಲಿ ಗಂಟೆಗೆ 30 ಕಿಲೊಮೀಟರಿಗಿಂತ ವೇಗವಾಗಿ ವಾಹನ ಓಡಿಸುವಂತಿಲ್ಲ.

ಕಾನೂನೂ ಬಲವಿಲ್ಲದವರ ಪರವಾಗಿ ನಿಂತಿತು. ಮೋಟಾರು ವಾಹನವು ನಡೆಯುವವರಿಗೋ ಬೈಸಿಕಲ್ಲಿನವರಿಗೋ ಪೆಟ್ಟುಮಾಡಿದರೆ ನಷ್ಟ ತುಂಬುವ ಹೊಣೆ ಸಾಧಾರಣವಾಗಿ ಮೋಟಾರಿನವರದು. ಹದಿನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳ ವಿಷಯದಲ್ಲಿ ಮಗುವಿನ ತಪ್ಪನ್ನು ಎತ್ತಿಹೇಳಿ ಜಾರಿಕೊಳ್ಳುವಂತೆಯೇ ಇಲ್ಲವೆನ್ನಬಹುದು. ಶಾಲೆಗಳಲ್ಲಿ ಸಂಚಾರದ ಪರೀಕ್ಷೆಯೊಂದುಂಟು. ಮಕ್ಕಳು ಪುಸ್ತಕದ ಪ್ರಶ್ನೆಗಳಿಗೆ ಉತ್ತರ ಬರೆದರೆ ಸಾಲದು, ನಿಜವಾದ ಬೀದಿಯಲ್ಲಿ ಬೈಸಿಕಲ್ ಓಡಿಸಿ ತೋರಿಸಬೇಕು.

ಫಲವೇನು? 1971ರಲ್ಲಿ 3,300ರಷ್ಟಿದ್ದ ಸಾವು 2023ರಲ್ಲಿ 684. ಜನಸಂಖ್ಯೆ ಹೆಚ್ಚಿದೆ, ಕಾರುಗಳೂ ಹೆಚ್ಚಿವೆ. ಆದರೂ ಸಾವು ಐದನೆಯ ಒಂದು ಪಾಲಿಗೆ ಇಳಿದಿದೆ. ಇದೆಲ್ಲವೂ ಬೈಸಿಕಲ್ಲಿನ ದಾರಿಯಿಂದಲೇ ಆಯಿತೆಂದು ಹೇಳಲಾಗದು; ಕಾರಿನೊಳಗಿನ ಪಟ್ಟಿ, ಒಳ್ಳೆಯ ಆಸ್ಪತ್ರೆ, ಕುಡಿದು ಓಡಿಸುವವರ ಮೇಲಿನ ಕಟ್ಟುನಿಟ್ಟು ಇವೂ ಕಾರಣಗಳು. ಹಾಗೆಯೇ ಆಮ್‌ಸ್ಟರ್‌ಡಾಮ್ ಸ್ವರ್ಗವೆಂದೂ ಯಾರೂ ತಿಳಿಯಬೇಕಾಗಿಲ್ಲ. ಬೈಸಿಕಲ್ಲಿನ ದಾರಿಗಳು ಈಗ ಕಿಕ್ಕಿರಿದಿವೆ. ಬೇಡವಾದ ಬೈಸಿಕಲ್ಲುಗಳನ್ನು ವರ್ಷಕ್ಕೆ ಸಾವಿರಗಟ್ಟಲೆ ಕಾಲುವೆಯಿಂದ ಮೇಲೆತ್ತಬೇಕಾಗುತ್ತದೆ. ವಿದ್ಯುತ್ ಬೈಸಿಕಲ್ಲುಗಳು ಬಂದ ಮೇಲೆ ರಸ್ತೆಯಲ್ಲಿ ಸಾಯುವವರಲ್ಲಿ ವೃದ್ಧ ಸವಾರರ ಪಾಲು ದೊಡ್ಡದಾಗಿದೆ. ನಡೆಯುವವರು ಈಗ ಬೈಸಿಕಲ್ಲಿನವರ ಮೇಲೆಯೇ ದೂರು ಹೇಳುತ್ತಾರೆ. ಒಂದು ಪೀಳಿಗೆ ಗೆದ್ದುಕೊಂಡ ಬೀದಿಯನ್ನು ಮುಂದಿನ ಪೀಳಿಗೆಯೂ ಕಾಯಬೇಕಾಗುವುದು ಸಹಜವೇ.

* * *

ಇನ್ನು ನಮ್ಮ ಊರಿನ ಮಾತು. ನಮ್ಮದು ಹಾಲೆಂಡಿನಂತೆ ಚಪ್ಪಟೆ ನೆಲವಲ್ಲ. ಒಂದು ಗುಡ್ಡ, ಒಂದು ತೋಟ, ಒಂದು ಹೊಳೆ. ಆಷಾಢದಲ್ಲಿ ಕೊಡೆಯೂ ನಿಲ್ಲದ ಮಳೆ. ಡಚ್ಚರು ಮಾಡಿದುದನ್ನು ನಾವು ಹಾಗೆಯೇ ಮಾಡಬೇಕೆನ್ನುವುದು ಅವಿವೇಕ. ಆದರೂ ನಡೆಯುವುದು ನಮಗೇನು ಹೊಸತೆ? ಗದ್ದೆಯ ಹುಣಿಯಲ್ಲಿ ನಡೆದು, ಅಡಕೆ ಮರದ ಸಂಕ ದಾಟಿ, ಪುಸ್ತಕವನ್ನು ಎದೆಗವಚಿಕೊಂಡು ಶಾಲೆಗೆ ಹೋದವರೇ ನಮ್ಮ ಹಿರಿಯ ಉಪಾಧ್ಯಾಯರು. ತೆಂಗಿನ ಗರಿಯ ಸೂಡಿ ಹಿಡಿದು ನಾಲ್ಕಾರು ಮೈಲಿ ನಡೆದು ಯಕ್ಷಗಾನ ಬಯಲಾಟ ನೋಡಿ, ಬೆಳಗಾದ ಮೇಲೆ ನಡೆದೇ ಮನೆಗೆ ಮರಳಿದವರು ಅವರು. ಆ ಬಡತನದ ದಿನಗಳನ್ನು ಹೊಗಳಿ ಹಾಡುವ ಆಸೆ ನಮಗಿಲ್ಲ. ಗರ್ಭಿಣಿಯನ್ನು ಮಂಚದ ಮೇಲೆ ಹೊತ್ತು ಆಸ್ಪತ್ರೆಗೆ ಒಯ್ಯಬೇಕಾಗಿದ್ದ ಕಾಲವೂ ಅದೇ. ರಸ್ತೆ ಬಂದುದು ಒಳ್ಳೆಯದಾಯಿತು, ಬಸ್ಸು ಬಂದುದು ಇನ್ನೂ ಒಳ್ಳೆಯದಾಯಿತು. ಆದರೆ ರಸ್ತೆ ಬಂದಾಗ ನಡೆಯುವವನಿಗೆ ದಾರಿ ಇಲ್ಲದಂತಾಗಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಕನ್ನಡ ಶಾಲೆಗೆ ಇದು ಬರಿಯ ಸಂಚಾರದ ಪ್ರಶ್ನೆಯೂ ಅಲ್ಲ. ಗಡಿಯ ಈಚೆಗೆ ಉಳಿದ ನಮ್ಮಲ್ಲಿ ಕನ್ನಡ ಶಾಲೆಗಳು ಒಂದಕ್ಕೊಂದು ದೂರ. ಹತ್ತಿರದಲ್ಲಿ ಬೇರೆ ಮಾಧ್ಯಮದ ಶಾಲೆಯಿದ್ದು, ಕನ್ನಡ ಶಾಲೆ ಹೆದ್ದಾರಿಯ ಆಚೆಗಿದ್ದರೆ, ಮಗುವಿನ ಜೀವಕ್ಕೆ ಹೆದರುವ ತಾಯಿ ಯಾವ ಶಾಲೆಗೆ ಕಳುಹಿಸುತ್ತಾಳೆ? ಆಕೆಯನ್ನು ನಾವು ದೂರುವಂತಿಲ್ಲ. ನಡೆದು ಹೋಗಲು ನೆಮ್ಮದಿಯ ದಾರಿ, ದಾಟಲು ಭಯವಿಲ್ಲದ ಎಡೆ, ವೇಳೆಗೆ ಸರಿಯಾದ ಬಸ್ಸು ಇವು ಮೂರೂ ಇದ್ದರೆ ದೂರದ ಶಾಲೆಯೂ ಹತ್ತಿರವಾಗುತ್ತದೆ. ಇಲ್ಲದಿದ್ದರೆ ಭಾಷಾಭಿಮಾನದ ಭಾಷಣಗಳಿಂದ ಒಂದು ಮಗುವೂ ಹೆಚ್ಚಾಗಿ ಬರಲಾರದು.

ಡೆ ಪೈಪ್ ಕೇರಿಯ ಮಕ್ಕಳಂತೆ ಬೀದಿಗೆ ಅಡ್ಡಗಟ್ಟಲು ನಾವು ನಮ್ಮ ಮಕ್ಕಳಿಗೆ ಹೇಳುವುದಿಲ್ಲ. ಹೆದ್ದಾರಿಯಲ್ಲಿ ಅದು ಅಪಾಯ. ಆದರೆ ಸವಾರರ ಸಂಘದವರು ಮಾಡಿದ ಕೆಲಸವನ್ನು ಯಾವ ಶಾಲೆಯೂ ಮಾಡಬಹುದು. ಭೂಗೋಳದ ಪಾಠದ ಅಂಗವಾಗಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆಯನ್ನು ಬರೆಯಲಿ. ಎಲ್ಲಿ ದಾಟುತ್ತಾನೆ, ಎಲ್ಲಿ ಹೆದರುತ್ತಾನೆ, ಎಷ್ಟು ಹೊತ್ತು ಕಾಯುತ್ತಾನೆ ಎಂಬುದನ್ನು ಗುರುತಿಸಲಿ. ಗಣಿತದ ಉಪಾಧ್ಯಾಯರು ಅವನ್ನೆಲ್ಲ ಕೂಡಿಸಿ ಲೆಕ್ಕ ಮಾಡಿಸಲಿ. ಮಾತೃಭಾಷೆಯ ಉಪಾಧ್ಯಾಯರು ಆ ಲೆಕ್ಕವನ್ನು ಒಂದು ಅರ್ಜಿಯಾಗಿ ಬರೆಯಲು ಕಲಿಸಲಿ. ಆ ಅರ್ಜಿ ಕನ್ನಡದಲ್ಲಿಯೇ ಪಂಚಾಯತಿಗೂ ಜಿಲ್ಲಾಧಿಕಾರಿಗಳಿಗೂ ಹೋಗಲಿ.

ಹಾಗೆ ಬರೆದ ನಕ್ಷೆಗಳಲ್ಲಿ ಒಂದೆರಡನ್ನು ನಮಗೂ ಕಳುಹಿಸಿಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಅಚ್ಚುಹಾಕುವೆವು.